ಸವೆದ ಬುಷ್, ಇಳಿಜಾರಿನ ದಾರಿ



ಇಂದಿನ ಮಾತು ಅಂಗೈಯೊಳಗೆ ಹಿಡಿಸುವಷ್ಟು ಸಣ್ಣದಾದ ಒಂದು ರಬ್ಬರ್ ಬಳೆಯನ್ನು ಕುರಿತದ್ದು. ಕಾರಿನ, ಜೀಪಿನ ಚಕ್ರವನ್ನು ಮೈಗೆ ಸೇರಿಸುವ ಕೀಲುಗಳಲ್ಲಿ ಇದು ಕೂತಿರುತ್ತದೆ. ಮೆಕ್ಯಾನಿಕ್ಕುಗಳ ಬಾಯಲ್ಲಿ ಇದರ ಹೆಸರು ಬುಷ್. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಬ್ಯಾಟರಿ ಸತ್ತರೆ ಗಾಡಿ ಹೊರಡುವುದೇ ಇಲ್ಲ. ಬುಷ್ ಸವೆದರೆ ಮಾತ್ರ ಗಾಡಿ ಓಡುತ್ತಲೇ ಇರುತ್ತದೆ. ತೊಂದರೆ ಇರುವುದು ಅಲ್ಲಿಯೇ. ಓಡುತ್ತಿದೆಯಲ್ಲ ಎಂದು ನಾವು ಸುಮ್ಮನಿರುತ್ತೇವೆ. ಅದು ತನ್ನ ಗುಣ ತೋರಿಸುವುದು ಇಳಿಜಾರಿನಲ್ಲಿ, ಬ್ರೇಕ್ ಒತ್ತಿದ ಗಳಿಗೆಯಲ್ಲಿ, ತಿರುವಿನ ಮಧ್ಯದಲ್ಲಿ.

ನಮ್ಮ ದಾರಿಗಳನ್ನು ನಿಮಗೆ ಬೇರೆ ಹೇಳಬೇಕಾಗಿಲ್ಲ. ಉದಕಮಂಡಲದಿಂದ ತಲೈಕುಂದಾ ದಾಟಿ ಕಲ್ಲಟ್ಟಿ ಘಾಟಿಯಲ್ಲಿ ಮಸಿನಗುಡಿಗೆ ಇಳಿಯುವಾಗ 36 ಹೇರ್‌ಪಿನ್ ತಿರುವುಗಳು. ತಮಿಳಿನಲ್ಲಿ 'ಕೊಂಡೈ ಊಸಿ ವಳೈವು' ಎನ್ನುವುದು ಇದನ್ನೇ. ಮೇಲೆ ಸುಮಾರು 2,240 ಮೀಟರ್ ಎತ್ತರದ ಊಟಿ, ಕೆಳಗೆ ಬಿಸಿಲಿನ ಬಯಲು. ನಡುವೆ ಸಾವಿರ ಮೀಟರಿಗೂ ಹೆಚ್ಚಿನ ಇಳಿತ. ಅಪಘಾತಗಳ ಕಾರಣದಿಂದ ಹೊರಗಿನ ವಾಹನಗಳ ಮೇಲೆ ನಿರ್ಬಂಧ ಹೇರಿದ ದಾರಿ ಇದು. ಆದರೆ ಇಲ್ಲಿಯ ನಿವಾಸಿಗಳಾದ ನಮಗೆ ಇದು ಸಂತೆಗೆ, ಆಸ್ಪತ್ರೆಗೆ, ಕಚೇರಿಗೆ, ಮಕ್ಕಳ ಕಾಲೇಜಿಗೆ ಹೋಗುವ ದಾರಿ. ತಿಂಗಳಿಗೆ ಹತ್ತು ಸಲ ಹೋಗಿ ಬಂದರೂ 720 ತಿರುವುಗಳಾದವು. ಇನ್ನೊಂದು ಕಡೆ ಪೈಕಾರ, ನಡುವಟ್ಟಂ ದಾಟಿ ಗೂಡಲೂರಿಗೆ ಇಳಿಯುವ ಘಾಟಿ. ಗೂಡಲೂರಿನಿಂದ ತೆಪ್ಪಕಾಡು, ಕಕ್ಕನಹಳ್ಳ ದಾಟಿ ಬಂಡೀಪುರದ ಕಡೆ ಹೊರಟರೆ ಕಾಡುಪ್ರಾಣಿಗಳ ಸಲುವಾಗಿ ಹಾಕಿದ ಸಾಲು ಸಾಲು ರಸ್ತೆ ಉಬ್ಬುಗಳು. ಬಯಲುಸೀಮೆಯ ನೇರ ರಸ್ತೆಯಲ್ಲಿ ಬಹುಕಾಲ ಬಾಳುವ ಬುಷ್, ಇಂಥ ದಾರಿಯಲ್ಲಿ ಅದಕ್ಕಿಂತ ಬೇಗ ಸೋಲುವುದು ಸಹಜ.

ಹಾಗಾದರೆ ಬುಷ್ ಮಾಡುವ ಕೆಲಸವೇನು? ಹಿಂದಿನ ಎತ್ತಿನ ಗಾಡಿಯನ್ನು ನೆನಪಿಗೆ ತಂದುಕೊಳ್ಳಿ. ಮರದ ಗುಂಬ ಅಚ್ಚಿನ ಮೇಲೆ ನೇರವಾಗಿ ತಿರುಗಿದರೆ ಬೇಗ ಸವೆಯುತ್ತದೆಂದು ಗುಂಬದೊಳಗೆ ಕಬ್ಬಿಣದ ಬಳೆ ಹೊಡೆಯುತ್ತಿದ್ದರು, ಆ ಬಳೆಗೆ ಕೀಲೆಣ್ಣೆ ಹಾಕುತ್ತಿದ್ದರು. ದೊಡ್ಡ ಭಾಗ ಸವೆಯುವ ಬದಲು ಸಣ್ಣ ಬಳೆ ಸವೆಯಲಿ, ಅದನ್ನು ಬದಲಿಸಿಕೊಳ್ಳೋಣ ಎಂಬುದು ಆ ಲೆಕ್ಕ. ಮೋಟಾರು ಗಾಡಿಯ ಬುಷ್ ಕೂಡ ಅದೇ ವಂಶದ್ದು. ಆದರೆ ಇಲ್ಲಿ ಇನ್ನೊಂದು ಉಪಾಯ ಸೇರಿದೆ.

ರಬ್ಬರ್ ಬುಷ್ಷನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಮೂರು ಪದರಗಳು ಕಾಣುತ್ತವೆ. ಹೊರಗೆ ಒಂದು ಉಕ್ಕಿನ ಕೊಳವೆ, ಒಳಗೆ ಇನ್ನೊಂದು ಸಣ್ಣ ಉಕ್ಕಿನ ಕೊಳವೆ, ಎರಡರ ನಡುವೆ ರಬ್ಬರ್. ಹೊರಗಿನ ಕೊಳವೆ ಸಸ್ಪೆನ್ಷನ್ ತೋಳಿನ ಕಣ್ಣಿನೊಳಗೆ ಬಿಗಿಯಾಗಿ ಕೂರುತ್ತದೆ. ಒಳಗಿನ ಕೊಳವೆಯ ಮೂಲಕ ಬೋಲ್ಟ್ ಹಾಯ್ದು ಗಾಡಿಯ ಮೈಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಒಂದು ಸಂಗತಿಯನ್ನು ದಯವಿಟ್ಟು ಚೆನ್ನಾಗಿ ಗಮನಿಸಿ. ಚಕ್ರ ಮೇಲೆ ಕೆಳಗೆ ಆಡುವಾಗ ಈ ಬುಷ್ಷಿನಲ್ಲಿ ಯಾವುದೂ ಜಾರುವುದಿಲ್ಲ, ಉಜ್ಜುವುದಿಲ್ಲ. ಹೊರಕೊಳವೆ ತೋಳಿನೊಡನೆ ಹೋಗುತ್ತದೆ, ಒಳಕೊಳವೆ ಗಾಡಿಯೊಡನೆ ನಿಲ್ಲುತ್ತದೆ, ನಡುವಿನ ರಬ್ಬರ್ ಒದ್ದೆ ಬಟ್ಟೆ ಹಿಂಡಿದಂತೆ ಸ್ವಲ್ಪ ತಿರುಚಿಕೊಂಡು ಮತ್ತೆ ಹಿಂದಕ್ಕೆ ಬರುತ್ತದೆ. ಉಜ್ಜಾಟವಿಲ್ಲದ್ದರಿಂದ ಎಣ್ಣೆ ಬೇಡ, ಸದ್ದೂ ಇಲ್ಲ. ಅದಕ್ಕೇ ಇಂಥದ್ದಕ್ಕೆ ಸೈಲೆಂಟ್ ಬ್ಲಾಕ್ ಎಂಬ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಬಳಕೆಯಲ್ಲಿದೆ. ರಸ್ತೆಯ ಸಣ್ಣ ನಡುಕವನ್ನೆಲ್ಲ ರಬ್ಬರ್ ತಾನೇ ನುಂಗಿಕೊಳ್ಳುತ್ತದೆ. ಅದೇ ಹೊತ್ತಿಗೆ ಚಕ್ರ ತನ್ನ ಜಾಗ ಬಿಟ್ಟು ಹಿಂದೆ ಮುಂದೆ ಸರಿಯದಂತೆ ಹಿಡಿದಿಡುತ್ತದೆ. ಮೆತ್ತಗಿರಬೇಕು, ಬಿಗಿಯಾಗಿಯೂ ಇರಬೇಕು. ಈ ಎರಡು ಗುಣಗಳನ್ನು ಒಟ್ಟಿಗೆ ಕೊಡಬಲ್ಲ ವಸ್ತು ರಬ್ಬರ್.

ಆ ಗುಣ ಹಸಿ ರಬ್ಬರಿಗೆ ಇರಲಿಲ್ಲ. ಹಸಿ ರಬ್ಬರ್ ಸೆಕೆಯಲ್ಲಿ ಅಂಟು, ಚಳಿಯಲ್ಲಿ ಕಲ್ಲು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರನ್ನು ಗಂಧಕದೊಡನೆ ಬಿಸಿ ಮಾಡಿ ಹದಗೊಳಿಸುವ ಬಗೆಯನ್ನು ಕಂಡುಕೊಂಡರು. ಗಂಧಕ ರಬ್ಬರಿನ ಉದ್ದನೆಯ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಆ ಗಂಟುಗಳಿಂದಾಗಿ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ರೂಪಕ್ಕೆ ಬರುತ್ತದೆ. ಗೂಡಲೂರಿನಿಂದ ನಾಡುಕಾಣಿ ಘಾಟಿ ಇಳಿದು ನಿಲಂಬೂರಿನ ಕಡೆ ಹೋದರೆ ಕಾಣುವ ರಬ್ಬರ್ ತೋಟಗಳ ಹಾಲು ಹೀಗೆ ಹದಗೊಂಡೇ ಟೈರೂ ಆಗುತ್ತದೆ, ಬುಷ್ಷೂ ಆಗುತ್ತದೆ.

ಹದಗೊಂಡ ರಬ್ಬರಿಗೂ ವಯಸ್ಸಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ಮತ್ತು ಓಝೋನ್ ಅದನ್ನು ಮೆಲ್ಲಗೆ ತಿನ್ನುತ್ತವೆ, ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿಸುತ್ತವೆ. ಬಿಸಿ ಈ ಕೆಲಸವನ್ನು ಬೇಗ ಮಾಡಿಸುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಅದರ ಬಿಸಿ ಆಸುಪಾಸಿಗೆ ಹರಡುತ್ತದೆ. ಊಟಿಯ ಜನವರಿಯ ಮಂಜುಗಡ್ಡೆಯ ಬೆಳಗಿನಲ್ಲಿ ರಬ್ಬರ್ ಗಡುಸಾಗುತ್ತದೆ, ಅದೇ ದಿನ ಮಧ್ಯಾಹ್ನ ಮಸಿನಗುಡಿಯ ಬಿಸಿಲಿನಲ್ಲಿ ಮೆತ್ತಗಾಗುತ್ತದೆ. ಗೂಡಲೂರಿನ ಮುಂಗಾರು ಮಳೆಯ ಕೆಸರು ಬಿರುಕಿನೊಳಗೆ ನುಗ್ಗಿ ಉಕ್ಕಿನ ಕೊಳವೆಗೆ ತುಕ್ಕು ಹಿಡಿಸುತ್ತದೆ. ಎಂಜಿನ್ನಿನಿಂದ ಸೋರಿದ ಎಣ್ಣೆ ಬಿದ್ದರೆ ರಬ್ಬರ್ ಊದಿಕೊಂಡು ಬೆಂದ ಅನ್ನದಂತೆ ಮೆತ್ತಗಾಗುತ್ತದೆ. ಹೀಗಾಗಿ ಕಡಿಮೆ ಓಡಿದ ಕಾರು, ಬುಷ್ ಚೆನ್ನಾಗಿಯೇ ಇರಬೇಕು ಎಂಬ ನಂಬಿಕೆ ಸರಿಯಲ್ಲ. ಶೆಡ್ಡಿನಲ್ಲಿ ನಿಂತೇ ಇದ್ದರೂ ಇಪ್ಪತ್ತು ವರ್ಷದ ರಬ್ಬರ್ ಇಪ್ಪತ್ತು ವರ್ಷದ ರಬ್ಬರೇ.

ಇಲ್ಲಿಯ ಮನೆಗಳಲ್ಲಿ ಹಳೆಯ ಗಾಡಿ ಎಂದರೆ ಬಹಳ ಕಡೆ ಮಾರುತಿ 800, ಓಮ್ನಿ, ಇಲ್ಲವೆ ಜೀಪು. ಮಾರುತಿ 800 ಮೊದಲು ರಸ್ತೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ತೀರ ಕೊನೆಯ ಮಾರುತಿ 800 ಕೂಡ ಇಂದು ಹತ್ತು ವರ್ಷ ದಾಟಿದೆ. ಅಂಬಾಸಿಡರ್ ತಯಾರಿಕೆಯೂ ಅದೇ 2014ರಲ್ಲಿ ನಿಂತಿತು. ಖಾಸಗಿ ಕಾರು 15 ವರ್ಷ ದಾಟಿದರೆ ಯೋಗ್ಯತೆ ಪರೀಕ್ಷೆಗೆ ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಆ ಪರೀಕ್ಷೆಗೆ ಮುಂಚೆ ಬಣ್ಣ ಹೊಡೆಸುವವರು ಬಹಳ ಮಂದಿ. ಕೆಳಗೆ ಬಗ್ಗಿ ಬುಷ್ ನೋಡುವವರು ಕಡಿಮೆ.

ಮಾರುತಿ 800ರ ಮುಂಭಾಗದ ರಚನೆಯನ್ನು ತಿಳಿದುಕೊಂಡರೆ ಬುಷ್ಷಿನ ಮಹತ್ವ ತಾನಾಗಿ ಅರ್ಥವಾಗುತ್ತದೆ. ಪ್ರತಿ ಮುಂದಿನ ಚಕ್ರವನ್ನು ಮೇಲ್ಗಡೆಯಿಂದ ಒಂದು ಸ್ಟ್ರಟ್ ಹಿಡಿದಿದೆ. ಕೆಳಗೆ ಲೋವರ್ ಆರ್ಮ್ ಎಂಬ ಒಂದು ಕಿರುತೋಳು ಹಿಡಿದಿದೆ. ಈ ತೋಳು ಗಾಡಿಯ ಮೈಗೆ ಸೇರುವುದು ಒಂದೇ ಬುಷ್ಷಿನ ಮೂಲಕ. ಒಂದೇ ಕೀಲಿನ ಬಾಗಿಲು ಹೇಗೆ ಓಲಾಡುತ್ತದೆಯೋ ಹಾಗೆ ಇದೂ ಹಿಂದೆ ಮುಂದೆ ಓಲಾಡಬೇಕಿತ್ತು. ಹಾಗಾಗದಂತೆ ಎಡ ಬಲ ಎರಡೂ ತೋಳುಗಳನ್ನು ಸ್ಟೆಬಿಲೈಸರ್ ಎಂಬ ಬಾಗಿದ ಉಕ್ಕಿನ ಕಂಬಿ ಹಿಡಿದಿಟ್ಟಿದೆ. ಕಂಬಿಯ ತುದಿಗಳು ತೋಳಿನೊಳಗೆ ರಬ್ಬರ್ ಬುಷ್ಷುಗಳ ನಡುವೆ ಹಾಯ್ದಿವೆ. ಕಂಬಿಯ ನಡುಭಾಗ ಇನ್ನೆರಡು ಬುಷ್ಷುಗಳಲ್ಲಿ ಗಾಡಿಯ ಮೈಗೆ ಬಿಗಿದಿದೆ.

ಕೆಲವು ಕಾರುಗಳಲ್ಲಿ ಸ್ಟೆಬಿಲೈಸರಿನ ಕೆಲಸ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವುದಷ್ಟೆ. ಮಾರುತಿ 800ರಲ್ಲಿ ಅದು ಚಕ್ರವನ್ನು ಸ್ಥಾನದಲ್ಲಿ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ನೀವು ಬ್ರೇಕ್ ಒತ್ತಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ತಡೆಯುವುದು ಈ ಕಂಬಿ ಮತ್ತು ಅದರ ಬುಷ್ಷುಗಳು. ಬುಷ್ ಸವೆದಿದ್ದರೆ ಚಕ್ರ ತುಸು ಹಿಂದಕ್ಕೆ ಜಾರುತ್ತದೆ. ಒಂದು ಪಕ್ಕದ ಬುಷ್ ಹೆಚ್ಚು ಸವೆದು ಇನ್ನೊಂದು ಪಕ್ಕದ್ದು ಕಡಿಮೆ ಸವೆದಿದ್ದರೆ ಎರಡು ಚಕ್ರಗಳು ಎರಡು ಕಡೆ ಮುಖ ಮಾಡುತ್ತವೆ. ಆಗ ಸ್ಟಿಯರಿಂಗ್ ನೇರವಾಗಿದ್ದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಬಯಲಿನಲ್ಲಿ ಇದು ಒಂದು ಕಿರಿಕಿರಿ, ಅಷ್ಟೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಂದಕ, ಎದುರಿಗೆ ಬರುತ್ತಿರುವ ಬಸ್ಸು ಇರುವ ದಾರಿಯಲ್ಲಿ ಒಂದು ಅಡಿ ಎಳೆತ ಎಂದರೆ ಏನೆಂದು ನೀವೇ ಊಹಿಸಬಹುದು.

ಜೀಪಿನ ಕತೆ ಬೇರೆ. ಅಲ್ಲಿ ಪಟ್ಟೆ ಸ್ಪ್ರಿಂಗುಗಳು. ಸ್ಪ್ರಿಂಗಿನ ಒಂದು ತುದಿಯ ಕಣ್ಣು ಚಾಸಿಗೆ ನೇರವಾಗಿ ಸೇರಿದೆ, ಇನ್ನೊಂದು ತುದಿ ಶಾಕಲ್ ಎಂಬ ತೂಗುಪಟ್ಟಿಯ ಮೂಲಕ ಸೇರಿದೆ. ಭಾರ ಬಿದ್ದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದವಾಗುತ್ತದೆ, ಆಗ ಶಾಕಲ್ ತೂಗಿ ಜಾಗ ಕೊಡುತ್ತದೆ. ಈ ಕಣ್ಣುಗಳಲ್ಲಿಯೂ ಶಾಕಲಿನಲ್ಲಿಯೂ ಬುಷ್ಷುಗಳಿವೆ. ಕೆಲವು ಜೀಪುಗಳಲ್ಲಿ ರಬ್ಬರಿನವು, ಕೆಲವು ಹಳೆಯ ಜೀಪುಗಳಲ್ಲಿ ಲೋಹದವು. ವ್ಯತ್ಯಾಸ ತಿಳಿಯುವುದು ಸುಲಭ. ಗ್ರೀಸ್ ತುಂಬುವ ಮೊಲೆ, ಅಂದರೆ ನಿಪ್ಪಲ್ ಇದ್ದರೆ ಅದು ಲೋಹದ್ದು, ಗ್ರೀಸ್ ಬೇಡುತ್ತದೆ. ನಿಪ್ಪಲ್ ಇಲ್ಲದೆ ಕಪ್ಪು ರಬ್ಬರ್ ಹೊರಗೆ ಕಂಡರೆ ಅದಕ್ಕೆ ಗ್ರೀಸ್ ವಿಷ. ಲೋಹಕ್ಕೆ ಎಣ್ಣೆ ಅನ್ನ, ರಬ್ಬರಿಗೆ ಎಣ್ಣೆ ರೋಗ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು. ಕೀರು ಕೀರು ಸದ್ದು ಬಂತೆಂದು ರಬ್ಬರ್ ಬುಷ್ಷಿಗೆ ಹಳೆಯ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ಅಲ್ಲಲ್ಲಿ ಇದೆ. ಸದ್ದು ನಾಲ್ಕು ದಿನ ನಿಲ್ಲುತ್ತದೆ, ಬುಷ್ ಕೆಲವೇ ತಿಂಗಳಲ್ಲಿ ಹೋಗುತ್ತದೆ.

ಈಗ ಬುಷ್ ಸವೆದಿದೆಯೆಂದು ತಿಳಿಯುವ ಬಗೆ. ತಮಿಳು ಮೆಕ್ಯಾನಿಕ್ಕು 'ಆಟ್ಟಂ ಇರುಕ್ಕು' ಎಂದರೂ ಕನ್ನಡದವರು 'ಆಟ ಬಂದಿದೆ' ಎಂದರೂ ಮಾತು ಒಂದೇ. ಅವರು 'ತೇಯ್ಮಾನಂ' ಎನ್ನುವುದೂ ನಾವು ಗಂಧ ತೇಯುವುದು ಎನ್ನುವುದೂ ಒಂದೇ ಬೇರಿನ ಪದಗಳು. ಆ ಆಟವನ್ನು ಕಿವಿಯಿಂದ, ಕೈಯಿಂದ, ಕಣ್ಣಿನಿಂದ ಮೂರು ಬಗೆಯಲ್ಲಿ ಹಿಡಿಯಬಹುದು.

ಮೊದಲು ಕಿವಿ. ಕಾಡಿನ ದಾರಿಯ ಉಬ್ಬುಗಳ ಮೇಲೆ ನಿಧಾನವಾಗಿ ಹತ್ತಿಸಿ ಇಳಿಸಿ. ಮುಂದಿನ ಚಕ್ರದ ಬಳಿ ಟಕ್ ಎಂಬ ಒಂಟಿ ಸದ್ದು ಬಂತೇ ಕೇಳಿ. ಬಳಿಕ ಸಮತಟ್ಟಾದ, ಜನರಿಲ್ಲದ ಜಾಗದಲ್ಲಿ ನಿಧಾನವಾಗಿ ಮುಂದೆ ಹೋಗಿ ಬ್ರೇಕ್ ಒತ್ತಿ, ಹಿಂದೆ ಹೋಗಿ ಬ್ರೇಕ್ ಒತ್ತಿ. ದಿಕ್ಕು ಬದಲಾದಾಗಲೆಲ್ಲ ಟಕ್ ಎಂದರೆ ಯಾವುದೋ ಕೀಲು ಸಡಿಲವಾಗಿದೆ ಎಂದರ್ಥ.

ಎರಡನೆಯದು ಕೈ. ಸ್ಟಿಯರಿಂಗ್ ಹಿಡಿದ ಕೈಗೆ ಗಾಡಿ ದಾರಿ ತಪ್ಪಿ ಅಲೆಯುವಂತೆ ಅನಿಸುತ್ತದೆಯೇ? ಬ್ರೇಕ್ ಒತ್ತಿದಾಗ ಒಂದೇ ಪಕ್ಕಕ್ಕೆ ಎಳೆಯುತ್ತದೆಯೇ? ಇವೂ ಬುಷ್ಷಿನ ಕುರುಹುಗಳು. ಎಳೆತಕ್ಕೆ ಬ್ರೇಕಿನ ದೋಷವೂ ಕಾರಣವಾಗಬಹುದು, ಟೈರಿನ ಗಾಳಿಯೂ ಕಾರಣವಾಗಬಹುದು. ಆದ್ದರಿಂದ ಮೊದಲು ಗಾಳಿ ಸರಿಮಾಡಿ, ಆಮೇಲೆ ತೀರ್ಮಾನಿಸಿ.

ಮೂರನೆಯದು ಕಣ್ಣು. ಟೈರಿನ ಒಳ ಅಂಚು ಅಥವಾ ಹೊರ ಅಂಚು ಮಾತ್ರ ಸವೆದಿದ್ದರೆ ಚಕ್ರ ನೇರವಾಗಿ ನಿಂತಿಲ್ಲ. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಮತ್ತೆ ಕೆಡುತ್ತಿದ್ದರೆ ಬುಷ್ಷನ್ನೇ ಅನುಮಾನಿಸಿ. ಆಟವಿರುವ ಕೀಲಿನ ಮೇಲೆ ಅಲೈನ್‌ಮೆಂಟ್ ಮಾಡುವುದು ಅಲುಗಾಡುವ ಗೂಟಕ್ಕೆ ದಾರ ಕಟ್ಟಿ ಗೋಡೆ ಎಬ್ಬಿಸಿದ ಹಾಗೆ. ಇನ್ನು ಕೆಳಗೆ ನೋಡಿದಾಗ ರಬ್ಬರ್ ಸೀಳಿದ್ದರೆ, ಒಂದು ಕಡೆಗೆ ಹಿಂಡಿ ಹೊರಗೆ ಬಂದಿದ್ದರೆ, ಬೋಲ್ಟ್ ಕಣ್ಣಿನ ನಡುವಿಗಿರದೆ ಒಂದು ಪಕ್ಕಕ್ಕೆ ವಾಲಿದ್ದರೆ, ಆ ಬುಷ್ ಮುಗಿಯಿತು. ಮೇಲ್ಮೈಯಲ್ಲಿ ಮಾತ್ರ ಸಣ್ಣ ಬಿರುಕುಗಳಿದ್ದರೆ ತಕ್ಷಣದ ಗಾಬರಿ ಬೇಡ, ಆದರೆ ಗಮನ ಇರಲಿ.

ಬುಷ್ಷಿನ ದೋಷವನ್ನು ಬೇರೆ ಕೀಲುಗಳ ದೋಷದಿಂದ ಬೇರ್ಪಡಿಸಬೇಕು. ಗಾಡಿಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ಬಳಿಕ ಚಕ್ರದ ಮೇಲು ಮತ್ತು ಕೆಳಗನ್ನು ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಸ್ಟಿಯರಿಂಗಿನ ಟೈ ರಾಡ್ ತುದಿಗಳನ್ನು ನೋಡಬೇಕು. ಬುಷ್ಷಿಗಾದರೆ ಟೈರ್ ಲಿವರನ್ನು ತೋಳು ಮತ್ತು ಮೈಯ ನಡುವೆ ಕೊಟ್ಟು ಮೆಲ್ಲಗೆ ಮೀಟಿ. ಒಳ್ಳೆಯ ರಬ್ಬರೂ ಸ್ವಲ್ಪ ಬಳುಕುತ್ತದೆ, ಅದು ಅದರ ಧರ್ಮ. ಆದರೆ ಬಳುಕಿ ತಾನೇ ಹಿಂದಿರುಗಬೇಕು. ಹಿಂದಿರುಗದೆ ಲೊಟ ಲೊಟ ಎಂದರೆ ಬದಲಿಸುವ ಕಾಲ ಬಂದಿದೆ.

ಬದಲಿಸುವ ಕೆಲಸವನ್ನು ಮನೆಯಲ್ಲಿ ಮಾಡಬಹುದೇ? ಹತ್ಯಾರು ಬಳಸಿ ಅಭ್ಯಾಸವಿದ್ದವರು, ಸರಿಯಾದ ಸಲಕರಣೆ ಇದ್ದವರು ಮಾಡಬಹುದು. ಉಳಿದವರು ಗ್ಯಾರೇಜಿಗೆ ಕೊಡುವುದೇ ಲೇಸು. ಆದರೆ ಕೊಟ್ಟವರಿಗೂ ಈ ಕ್ರಮ ತಿಳಿದಿದ್ದರೆ, ಕೆಲಸ ಸರಿಯಾಗಿ ನಡೆಯಿತೇ ಎಂದು ಕೇಳಲು ಬಾಯಿ ಬರುತ್ತದೆ.

ಮೊದಲ ಮಾತು ಜಾಗದ್ದು. ಬೆಟ್ಟದ ಊರುಗಳಲ್ಲಿ ಮನೆಯ ಮುಂದೆ ಸಮತಟ್ಟು ಜಾಗ ಸಿಗುವುದು ಕಷ್ಟ. ಇಳಿಜಾರಿನಲ್ಲಿ ಈ ಕೆಲಸಕ್ಕೆ ಎಂದಿಗೂ ಕೈ ಹಾಕಬೇಡಿ. ಗಟ್ಟಿಯಾದ ಸಮತಟ್ಟು ನೆಲ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡ ಕೊಡಿ. ಜಾಕ್ ಗಾಡಿಯನ್ನು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಡಬೇಕು. ಇಟ್ಟಿಗೆ, ಹಾಲೋ ಬ್ಲಾಕು, ಪೇರಿಸಿದ ಕಲ್ಲು ಇವು ಮುನ್ಸೂಚನೆ ಕೊಡದೆ ಪುಡಿಯಾಗುತ್ತವೆ, ಇಲ್ಲವೆ ಜಾರುತ್ತವೆ. ಜಾಕ್ ಒಂದರ ಮೇಲೆಯೇ ನಿಂತ ಗಾಡಿಯ ಕೆಳಗೆ ತಲೆಯಿರಲಿ, ಕೈಯನ್ನೂ ಹಾಕಬೇಡಿ.

ಮಾರುತಿ 800ರಲ್ಲಿ ಮುಂದಿನ ಎರಡೂ ಪಕ್ಕಗಳನ್ನು ಒಟ್ಟಿಗೆ ಎತ್ತಿ ನಿಲ್ಲಿಸಬೇಕು. ಒಂದೇ ಪಕ್ಕ ಎತ್ತಿದರೆ ಸ್ಟೆಬಿಲೈಸರ್ ಕಂಬಿ ತಿರುಚಿಕೊಂಡು ಬಿಗಿದಿರುತ್ತದೆ, ನಟ್ ಬಿಚ್ಚಿದ ಕೂಡಲೆ ಸಿಡಿಯಬಹುದು. ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ತುಸು ಸಡಿಲಿಸಿಕೊಂಡು, ಎತ್ತಿದ ಬಳಿಕ ಚಕ್ರ ಕಳಚಿ. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಉಳಿಸಿಕೊಳ್ಳುವ ರಬ್ಬರಿನ ಮೇಲೆ ಅದು ಬೀಳದಿರಲಿ.

ಸ್ಟೆಬಿಲೈಸರ್ ತುದಿಯ ನಟ್ ಬಿಚ್ಚಿ. ವಾಷರುಗಳು ಯಾವ ಕ್ರಮದಲ್ಲಿ, ಯಾವ ಮುಖವಾಗಿ ಇದ್ದವೆಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬಾಲ್ ಜಾಯಿಂಟನ್ನು ಹಿಡಿದಿರುವ ಬೋಲ್ಟ್ ತೆಗೆದು, ಒಳತುದಿಯ ಬುಷ್ ಬೋಲ್ಟ್ ತೆಗೆದರೆ ತೋಳು ಕೈಗೆ ಬರುತ್ತದೆ. ಬಂದ ತೋಳನ್ನು ತೊಳೆದು ಪರೀಕ್ಷಿಸಿ. ಬಾಗಿದೆಯೇ, ಬೆಸುಗೆಯ ಬಳಿ ಬಿರುಕಿದೆಯೇ, ಕಣ್ಣು ಅಗಲವಾಗಿದೆಯೇ? ಇದ್ದರೆ ಹೊಸ ಬುಷ್ ಹಾಕಿ ಪ್ರಯೋಜನವಿಲ್ಲ, ತೋಳನ್ನೇ ಬದಲಿಸಬೇಕು. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಗ್ರೀಸ್ ಸೋರಿದ್ದರೂ ಬುಷ್ಷೂ ಬಾಲ್ ಜಾಯಿಂಟೂ ಕೂಡಿದ ಹೊಸ ತೋಳನ್ನು ಕೊಳ್ಳುವುದೇ ಬಹಳ ಸಲ ಲಾಭ. ಹೇಗೂ ಬಿಚ್ಚಿದ ಕೂಲಿ ಒಂದೇ.

ಹಳೆಯ ಬುಷ್ಷನ್ನು ಹೊರಗೆ ತೆಗೆಯಲು ಪ್ರೆಸ್ ಬೇಕು. ದೊಡ್ಡ ಬೆಂಚ್ ವೈಸ್ ಇದ್ದರೂ ಆದೀತು. ಒಂದು ಪಕ್ಕ ಹೊರಕೊಳವೆಗಿಂತ ತುಸು ಚಿಕ್ಕದಾದ ಸಾಕೆಟ್, ಇನ್ನೊಂದು ಪಕ್ಕ ಬುಷ್ ಒಳಗೆ ಇಳಿಯುವಷ್ಟು ಅಗಲದ ಪೈಪ್ ತುಂಡು, ನಡುವೆ ತೋಳಿನ ಕಣ್ಣು. ನಿಧಾನವಾಗಿ ತಿರುಗಿಸಿದರೆ ಬುಷ್ ಜಾರಿ ಪೈಪಿನೊಳಗೆ ಬರುತ್ತದೆ. ಬಾರದಿದ್ದರೆ ರಬ್ಬರನ್ನು ಕೊರೆದು ತೆಗೆದು, ಹೊರಕೊಳವೆಯನ್ನು ಮಾತ್ರ ಹ್ಯಾಕ್ಸಾ ಬ್ಲೇಡಿನಿಂದ ಸೀಳಿ. ಕಣ್ಣಿನ ಲೋಹಕ್ಕೆ ಗಾಯವಾಗಬಾರದು. ರಬ್ಬರನ್ನು ಗ್ಯಾಸ್ ಬೆಂಕಿಯಿಂದ ಸುಟ್ಟು ತೆಗೆಯುವವರಿದ್ದಾರೆ. ಆ ಹೊಗೆ ಪುಪ್ಪುಸಕ್ಕೆ ಕೇಡು, ಆ ಬಿಸಿ ತೋಳಿನ ಉಕ್ಕಿಗೂ ಬಾಲ್ ಜಾಯಿಂಟಿಗೂ ಕೇಡು.

ಹೊಸ ಬುಷ್ ಕೂರಿಸುವ ಮುನ್ನ ಕಣ್ಣಿನ ಒಳಗಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ಒರೆಸಿ. ಒತ್ತುವಾಗ ಬಲ ಹೊರಕೊಳವೆಯ ಅಂಚಿನ ಮೇಲೆ ಮಾತ್ರ ಬೀಳಬೇಕು. ಒಳಕೊಳವೆಯ ಮೇಲೆ ಸುತ್ತಿಗೆ ಹೊಡೆದರೆ ರಬ್ಬರಿನ ಅಂಟು ಒಳಗೇ ಬಿಡುತ್ತದೆ, ಹೊಸ ಬುಷ್ ಹುಟ್ಟುವಾಗಲೇ ಸತ್ತ ಹಾಗೆ. ಕೊಳವೆಯಿಲ್ಲದ, ಬರಿ ರಬ್ಬರಿನ ಬುಷ್ ಬಿಗಿಯಾಗಿದ್ದರೆ ಸೋಪಿನ ನೀರು ಸವರಿ. ಅದು ಜಾರಿಸಿ ಕೂರಿಸುತ್ತದೆ, ಆಮೇಲೆ ಒಣಗಿ ಹೋಗುತ್ತದೆ. ಗ್ರೀಸ್ ಬೇಡ, ಸೀಮೆಎಣ್ಣೆ ಬೇಡ.

ಈಗ ಇಡೀ ಕೆಲಸದ ಪ್ರಾಣದಂಥ ಮಾತು. ತೋಳನ್ನು ಜಾಗಕ್ಕೆ ಸೇರಿಸಿ ಬುಷ್ ಬೋಲ್ಟನ್ನು ಕೈಬಿಗಿಗೆ ಮಾತ್ರ ತಿರುಗಿಸಿ ಬಿಡಿ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಏಕೆಂದು ಈಗಾಗಲೇ ನಿಮಗೆ ಹೊಳೆದಿರಬಹುದು. ಬುಷ್ಷಿನಲ್ಲಿ ಯಾವುದೂ ಜಾರುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ ಎಂದೆವಲ್ಲ. ಚಕ್ರ ಕೆಳಕ್ಕೆ ಜೋತುಬಿದ್ದಾಗ ಬೋಲ್ಟ್ ಬಿಗಿದರೆ, ಆ ಜೋತುಬಿದ್ದ ಸ್ಥಿತಿಯೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಗಾಡಿಯನ್ನು ಇಳಿಸಿದ ಕೂಡಲೆ ತೋಳು ಮೇಲಕ್ಕೆ ಏಳುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿ ನಿಂತಿರಲಿ ಓಡಿರಲಿ, ಹಗಲಿರುಳು ಅದು ತಿರುಚಿದ ಹಾಗೆಯೇ ಇರಬೇಕು. ಅದರ ಮೇಲೆ ಉಬ್ಬು ತಗ್ಗುಗಳ ಹೊಡೆತ. ವರ್ಷಗಟ್ಟಲೆ ಬಾಳಬೇಕಾದ ಬುಷ್ ತಿಂಗಳುಗಳಲ್ಲಿ ಹರಿಯುತ್ತದೆ. ಆಗ ನಾವು ಮಾಲು ಸರಿಯಿಲ್ಲ, ಅಂಗಡಿಯವನು ಮೋಸ ಮಾಡಿದ ಎಂದು ಬೈಯುತ್ತೇವೆ.

ಆದ್ದರಿಂದ ಚಕ್ರ ಹಾಕಿ, ಗಾಡಿಯನ್ನು ತನ್ನ ಚಕ್ರಗಳ ಮೇಲೆ ನಿಲ್ಲಿಸಿ, ಮುಂಭಾಗವನ್ನು ಕೈಯಿಂದ ನಾಲ್ಕೈದು ಸಲ ಒತ್ತಿ ಕುಪ್ಪಳಿಸಿ. ಸ್ಪ್ರಿಂಗ್ ತನ್ನ ಸಹಜ ಎತ್ತರಕ್ಕೆ ಬಂದು ನಿಂತ ಮೇಲೆ ಪಿಟ್ ಅಥವಾ ರ‍್ಯಾಂಪ್ ಇರುವ ಕಡೆ ಕೊನೆಯ ಬಿಗಿತ ಕೊಡಿ. ಬಿಗಿತ ಎಷ್ಟಿರಬೇಕೆಂಬುದು ಆಯಾ ಗಾಡಿಯ ಕೈಪಿಡಿಯಲ್ಲಿದೆ. ಟಾರ್ಕ್ ರೆಂಚಿನಿಂದಲೇ ಬಿಗಿಸಿ. ಸ್ಪ್ಲಿಟ್ ಪಿನ್ ಇರುವ ಕಡೆ ಹಳೆಯದನ್ನು ನೇರಮಾಡಿ ಮತ್ತೆ ಹಾಕದೆ ಹೊಸದನ್ನೇ ಹಾಕಿ. ಪಿಟ್ಟಿನ ತನಕ ಹೋಗುವಾಗ ಬೋಲ್ಟು ಸಡಿಲವಾಗಿರುತ್ತದೆಂದು ನೆನಪಿರಲಿ. ಆ ಸ್ಥಿತಿಯಲ್ಲಿ ಗಾಡಿಯನ್ನು ರಸ್ತೆಗೆ ತರಬಾರದು. ಪಿಟ್ ಇರುವ ಜಾಗದಲ್ಲಿಯೇ ಪೂರ್ತಿ ಕೆಲಸ ಮಾಡುವುದು ಅದಕ್ಕೇ ಉತ್ತಮ. ಗ್ಯಾರೇಜಿಗೆ ಕೊಟ್ಟವರು ಒಂದೇ ಪ್ರಶ್ನೆ ಕೇಳಿದರೆ ಸಾಕು. 'ಬೋಲ್ಟ್ ಕೊನೆಗೆ ಬಿಗಿದದ್ದು ಗಾಡಿ ಎತ್ತಿದಾಗಲೋ, ಇಳಿಸಿದ ಮೇಲೋ?'

ಜೀಪಿನಲ್ಲಿಯೂ ಇದೇ ನಿಯಮ. ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲಿನ ಕೆಳಗೆ ಬೇರೊಂದು ಜಾಕ್ ಕೊಟ್ಟು, ಸ್ಪ್ರಿಂಗಿನ ಮೇಲೆ ಭಾರವೂ ಎಳೆತವೂ ಇಲ್ಲದಂತೆ ಮಾಡಿಕೊಂಡ ಮೇಲಷ್ಟೇ ಶಾಕಲ್ ಬಿಚ್ಚಬೇಕು. ಭಾರ ಹೊತ್ತ ಪಟ್ಟೆ ಸ್ಪ್ರಿಂಗ್ ಎಳೆದ ಬಿಲ್ಲಿಗೆ ಸಮ. ರಬ್ಬರ್ ಬುಷ್ ಇರುವ ಜೀಪಿಗೆ ಕೊನೆಯ ಬಿಗಿತ ಚಕ್ರದ ಮೇಲೆ ನಿಂತಾಗಲೇ. ಹಳೆಯ ಟೈರನ್ನು ಕತ್ತರಿಸಿ ಬುಷ್ ಮಾಡಿಕೊಡುವ ಕೈಚಳಕ ನಮ್ಮ ಕಡೆ ಇದೆ. ಕಾಡಿನ ನಡುವೆ ಸಿಕ್ಕಿಕೊಂಡಾಗ ಊರು ಸೇರಲು ಅದು ಒದಗೀತು. ಆದರೆ ಟೈರಿನ ರಬ್ಬರ್ ಉಜ್ಜಾಟ ತಾಳಲು ಹದಗೊಂಡದ್ದು, ತಿರುಚಾಟಕ್ಕಲ್ಲ. ಅಳತೆಯೂ ಸರಿಬಾರದು. ಅದನ್ನೇ ಶಾಶ್ವತ ಮಾಡಿಕೊಂಡು ಜನ ಕೂರಿಸಿಕೊಂಡು ಘಾಟಿ ಇಳಿಯಬಾರದು.

ಪಾಲಿಯುರಿಥೇನ್ ಎಂಬ ಗಡುಸು ಬುಷ್ಷುಗಳೂ ಸಿಗುತ್ತವೆ. ಅವು ಎಣ್ಣೆಗೆ ಬೇಗ ಸೋಲುವುದಿಲ್ಲ, ಹೆಚ್ಚು ಬಾಳುತ್ತವೆ. ಆದರೆ ರಸ್ತೆಯ ನಡುಕವನ್ನು ಒಳಗೆ ಬಿಡುತ್ತವೆ. ತಿರುಚಿಕೊಳ್ಳುವ ಬದಲು ಕೊಳವೆಯ ಮೇಲೆ ಜಾರಿ ತಿರುಗುವ ಬಗೆಯವಾದರೆ ಅವಕ್ಕೆಂದೇ ಇರುವ ಸಿಲಿಕೋನ್ ಗ್ರೀಸ್ ಬೇಕಾಗುತ್ತದೆ. ಮನೆಬಳಕೆಯ ಕಾರಿಗೆ ಒಳ್ಳೆಯ ರಬ್ಬರ್ ಬುಷ್ಷೇ ಸಾಕು.

ಬದಲಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಪಕ್ಕ ಹೊಸದು, ಇನ್ನೊಂದು ಪಕ್ಕ ಹಳೆಯದಾದರೆ ಬ್ರೇಕ್ ಒತ್ತಿದಾಗ ಎಳೆತ ಉಳಿದೇ ಇರುತ್ತದೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಒಂದು ವಾರ ಓಡಿದ ಬಳಿಕ ಬೋಲ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಿ. ಮೊದಲ ಸಲ ಘಾಟಿಗೆ ಇಳಿಯುವ ಮುನ್ನ ಸಮತಟ್ಟು ರಸ್ತೆಯಲ್ಲಿ ಬ್ರೇಕ್ ಒತ್ತಿ ಪರೀಕ್ಷಿಸಿ.

ಇನ್ನೊಂದು ಎಚ್ಚರಿಕೆ. ಬುಷ್ ಹೊಸದಾದ ಮಾತ್ರಕ್ಕೆ ಘಾಟಿ ಸುಲಭವಾಗುವುದಿಲ್ಲ. ಇಳಿಯುವಾಗ ಕೆಳಗಿನ ಗೇರ್ ಇರಲಿ, ಎಂಜಿನ್ನೇ ಗಾಡಿಯನ್ನು ತಡೆಯಲಿ, ಬ್ರೇಕಿಗೆ ಬಿಡುವು ಸಿಗಲಿ. ನ್ಯೂಟ್ರಲಿನಲ್ಲಿ ಇಳಿದು ಉಳಿಸುವ ಒಂದು ಲೋಟ ಪೆಟ್ರೋಲು ಯಾರ ಜೀವಕ್ಕೂ ಸಮನಲ್ಲ. ಬ್ರೇಕಿನ ಬಿಸಿ ಕಡಿಮೆಯಾದಷ್ಟೂ ರಬ್ಬರಿಗೂ ಆಯುಸ್ಸು ಹೆಚ್ಚು.

ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮೈಸೂರಿಗೋ ಗುಂಡ್ಲುಪೇಟೆಗೋ ಹೊರಟವರು ಹೊತ್ತಿಗೆ ಮುಂಚೆ ಗಡಿ ದಾಟುವ ಆತುರದಲ್ಲಿರುತ್ತಾರೆ. ಗಾಡಿಯ ಆಟ ಪರೀಕ್ಷಿಸುವ ವ್ಯವಧಾನ ಆಗ ಇರುವುದಿಲ್ಲ. ಅದನ್ನು ಬಿಡುವಿನ ದಿನ, ಬೆಳಕಿರುವಾಗ ಮಾಡಬೇಕು. ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಒಂದು ಟಾರ್ಚ್ ಹಿಡಿದು ಮುಂದಿನ ಚಕ್ರಗಳನ್ನು ಒಂದು ಪಕ್ಕಕ್ಕೆ ತಿರುಗಿಸಿ ಹಿಂದಿನಿಂದ ಇಣುಕಿ ನೋಡಿ. ಐದು ನಿಮಿಷದ ಕೆಲಸ. ರಬ್ಬರ್ ಸೀಳಿದ್ದರೆ ಕಣ್ಣಿಗೇ ಕಾಣುತ್ತದೆ. ಒಂದು ಜೊತೆ ಟೈರಿನ ಬೆಲೆಯ ಮುಂದೆ ಒಂದು ಜೊತೆ ಬುಷ್ಷಿನ ಬೆಲೆ ಬಹಳ ಕಡಿಮೆ. ಕಲ್ಲಟ್ಟಿಯ ತಿರುವಿನಲ್ಲಿ ಹಿಂದಿನ ಸೀಟಿನಲ್ಲಿ ಕೂತವರನ್ನು ಲೆಕ್ಕಕ್ಕೆ ತಂದರೆ ಬೆಲೆಯ ಮಾತೇ ಏಳುವುದಿಲ್ಲ.